ಕೆಂಪು ತಂತಿಯ ಉಂಗುರ

ಬೆಲಾರ್ಮಿನೊ ಸಿಸ್ನೆರೋಸ್ ಅವರನ್ನು ನಾನು ಮೊದಲು ಕಂಡಾಗ ಅವರು ನನ್ನ ಮನೆಯ ಹಿಂದೆ ಮಂಡಿಯೂರಿ ಕೂತು ಒಂದು ತಟ್ಟೆ ನೀರನ್ನು ನೋಡುತ್ತಿದ್ದರು. ಅಕ್ಟೋಬರ್ ತಿಂಗಳ ಬೆಳಿಗ್ಗೆ. ಗುಡ್ಡದ ಮೇಲಿನ ಆಸ್ಪೆನ್ ಮರಗಳು ಹಳದಿಯಾಗಿದ್ದವು, ಊರಲ್ಲೆಲ್ಲ ಮೆಣಸಿನಕಾಯಿ ಸುಡುವ ಘಾಟು ತುಂಬಿತ್ತು. ಓಹೋ ಫ್ರಿಯೊ ಊರಿನ ಹಿರಿಯರ ಊಟದ ಮನೆಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿ, ಆ ತಗಡಿನ ಟ್ರೇಲರ್ ಮನೆಗೆ ನಾನು ಬಾಡಿಗೆಗೆ ಬಂದು ವಾರವಾಗಿತ್ತು. ಮನೆಯ ಮಾಲೀಕ ಹೊಸ ಯಂತ್ರ ತರಿಸಿದ್ದ. ಚಳಿಗಾಲದಲ್ಲಿ ಗ್ಯಾಸ್ ಉರಿಸಿ ಬಿಸಿಗಾಳಿ ಕೊಡುವ, ಬೇಸಿಗೆಯಲ್ಲಿ ಕರೆಂಟಿನಿಂದ ತಂಪು ಮಾಡುವ, ಮನೆಯ ಹೊರಗೇ ನಿಲ್ಲುವ ದೊಡ್ಡ ಪೆಟ್ಟಿಗೆ ಅದು. ಅದನ್ನು ಕೂರಿಸಲು ಹಾಕಿದ್ದ ಕಾಂಕ್ರೀಟ್ ಹಲಗೆ ಮಟ್ಟವಾಗಿದೆಯೇ ಎಂದು ನೋಡಲು ಅದರ ಮೇಲೆ ಆ ನೀರಿನ ತಟ್ಟೆ ಇಟ್ಟಿದ್ದರು.

"ಯಾರ ಮಗಳಮ್ಮ ನೀನು?" ಎಂದರು, ತಲೆ ಎತ್ತದೆ.

"ಗಿಯೆರ್ಮೊ ವಿಯಲ್ಪಾಂಡೊ ಮಗಳು. ಮೇಲಿನ ಕಣಿವೆ."

"ಕುರಿ ಗಿಯೆರ್ಮೊ? ಅಯ್ಯೋ, ಹಂಗಾದ್ರೆ ಆ ಕಾಲೇಜು ಓದಿದ ಹುಡುಗಿ ನೀನೇ. ನಿಮ್ಮಪ್ಪ ಕುರಿ ಮಾರೋಕೆ ಬಂದಾಗಲೆಲ್ಲ ಕುರಿಗಿಂತ ನಿನ್ನ ವಿಷಯಾನೇ ಜಾಸ್ತಿ ಹೇಳ್ತಿದ್ದ. ಅದಿರ್ಲಿ, ಆ ಕಿಟಕಿ ಯಾವ ಕೋಣೇದು?"

"ನಾನು ಮಲಗೋ ಕೋಣೇದು."

ಅವರು ತಟ್ಟೆಯ ನೀರು ಚೆಲ್ಲಿ ಎದ್ದರು. "ಹಂಗಿದ್ರೆ ಇಲ್ಲಿ ಬೇಡ. ಇದರ ಹೊಗೆ ಬಾಯಿ ನಿನ್ನ ದಿಂಬಿನ ಕಡೆಗೇ ತಿರುಗುತ್ತೆ."

ಮಾಲೀಕ ತೋರಿಸಿದ ಜಾಗ ಬಿಟ್ಟು, ಅಷ್ಟು ಭಾರದ ಹಲಗೆಯನ್ನು ಹಾರೆಕೋಲಿನಿಂದ ಮೀಟಿ ಮೀಟಿ ಮೂಲೆಯಾಚೆಗೆ ಸಾಗಿಸಿದರು. ಮತ್ತೆ ತಟ್ಟೆ, ಮತ್ತೆ ನೀರು. ಯಂತ್ರ ಕೂತ ಮೇಲೆ ಕರೆಂಟ್ ಆರಿಸಿ, ಆರಿದೆಯೇ ಎಂದು ಮೀಟರ್ ಹಿಡಿದು ನೋಡಿ, ಆಮೇಲೆ ತಂತಿ ಮುಟ್ಟಿದರು. ಗ್ಯಾಸ್ ಪೈಪಿನ ಪ್ರತಿ ಜೋಡಣೆಗೂ ಪಾತ್ರೆ ತೊಳೆಯುವ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೋ ಎಂದು ಕನ್ನಡಕ ಮೂಗಿಗಿಳಿಸಿ ಕಾದರು. "ಗ್ಯಾಸು, ಕರೆಂಟು ಒಂದೇ ಪೆಟ್ಟಿಗೇಲಿ ಇರೋದು ಅಂದ್ರೆ ಅತ್ತೆ ಸೊಸೆ ಒಂದೇ ಅಡಿಗೆಮನೇಲಿ ಇದ್ದ ಹಾಗೆ. ಇಬ್ಬರಿಗೂ ಅವರವರ ಜಾಗ ತೋರಿಸಿಬಿಟ್ರೆ ಜಗಳ ಇಲ್ಲ" ಎಂದು ನಕ್ಕರು.

ಕೊನೆಗೆ ಮಾಡಿದ್ದು ನನಗೆ ಹೊಸದಾಗಿತ್ತು. ಈ ಯಂತ್ರಗಳು ಪಟ್ಟಣದ ಪೈಪಿನ ಗ್ಯಾಸಿಗೆ ಹೊಂದಿಸಿಕೊಂಡು ಕಾರ್ಖಾನೆಯಿಂದ ಬರುತ್ತವೆ. ನಮ್ಮ ಬೆಟ್ಟದ ಊರುಗಳಿಗೆ ಪೈಪಿಲ್ಲ, ಹಿತ್ತಿಲಿನ ಟ್ಯಾಂಕಿನ ಗ್ಯಾಸೇ ಗತಿ. "ಟ್ಯಾಂಕಿನ ಗ್ಯಾಸು ನಮ್ಮ ಮೆಣಸಿನಕಾಯಿ ಇದ್ದಂಗೆ, ಚಿಟಿಕೆ ಸಾಕು. ಪಟ್ಟಣದೋರ ಅಳತೇಲಿ ಹಾಕಿದ್ರೆ ಉರಿದು ಹೋಗುತ್ತೆ" ಎನ್ನುತ್ತ ಬರ್ನರ್‌ಗಳ ದೊಡ್ಡ ತೂತಿನ ಹಿತ್ತಾಳೆ ನಾಜಲ್‌ಗಳನ್ನು ಬಿಚ್ಚಿ ಸಣ್ಣ ತೂತಿನವನ್ನು ಹಾಕಿದರು, ಕವಾಟದ ಸ್ಪ್ರಿಂಗನ್ನೂ ಬದಲಿಸಿದರು. ಬಿಚ್ಚಿದ ನಾಜಲ್‌ಗಳನ್ನು ಎಸೆಯಲಿಲ್ಲ. ಒಂದು ತುಂಡು ಕೆಂಪು ತಂತಿಗೆ ಜಪಮಣಿಯಂತೆ ಪೋಣಿಸಿ, ಉಂಗುರ ಮಾಡಿ, ಪೆಟ್ಟಿಗೆಯ ಬಾಗಿಲಿನ ಒಳಗೆ ನೇತುಹಾಕಿದರು.

"ಇದು ಯಾತಕ್ಕೆ?"

"ನಾಳೆ ಇದನ್ನ ತೆಗೆಯೋನಿಗೆ. ಈ ಉಂಗುರ ಕಂಡ್ರೆ, ಬೆಲಾರ್ಮಿನೊ ಬದಲಾಯಿಸಿದಾನೆ, ಧೈರ್ಯವಾಗಿ ಮುಚ್ಚು ಅಂತ ಅರ್ಥ. ನಾನು ಸತ್ತ ಮೇಲೂ ಹೇಳ್ತಿರುತ್ತೆ."

ಆಮೇಲೆ ಯಂತ್ರ ಹಚ್ಚಿ ನನ್ನನ್ನು ಕರೆದು ಉರಿ ತೋರಿಸಿದರು. ಶುದ್ಧ ನೀಲಿ. "ನೀಲಿ ಇದ್ರೆ ಮಲಗು. ಹಳದಿ ಕಂಡ್ರೆ ಎದ್ದು ಹೊರಗೆ ನಡಿ, ನನಗೆ ಫೋನ್ ಮಾಡು."

ಆ ಕಣಿವೆಯಲ್ಲಿ ಅವರ ಉಂಗುರ ಇಲ್ಲದ ಮನೆ ಕಡಿಮೆ. ಬೇರೆ ಊರಿನ ರಿಪೇರಿಯವರೂ ಆ ಕೆಂಪು ತಂತಿ ಕಂಡರೆ ಮುಂದಕ್ಕೆ ಬಿಚ್ಚುತ್ತಿರಲಿಲ್ಲ. ಆದರೆ ಪೆಟ್ಟಿಗೆ ಹೊತ್ತು ಹೊತ್ತು ಅವರ ಸೊಂಟ ಹೋಯಿತು. ಆಗ ಕೈಜೋಡಿಸಿದವನು ಒನೋಫ್ರೆ ತಫೋಯ.

ಬೆಲಾರ್ಮಿನೊ ಅವರಿಗೆ ಒನೋಫ್ರೆ ಕಂಪಾದ್ರೆ. ಬೆಲಾರ್ಮಿನೊ ಅವರ ಮಗಳು ಪ್ರಿಸಿಲಾಳಿಗೆ ಜ್ಞಾನಸ್ನಾನದ ದಿನ ತಂದೆಯ ಸ್ಥಾನದಲ್ಲಿ ನಿಂತು, ಕೂಸನ್ನು ಎತ್ತಿಕೊಂಡಿದ್ದವನು. ಕೂಸಿಗೆ ಅವನು ಪಾದ್ರಿನೊ, ಅಂದರೆ ಧರ್ಮತಂದೆ; ಕೂಸಿನ ಅಪ್ಪನಿಗೆ ಕಂಪಾದ್ರೆ. ಅಲ್ಲಿಯವರೆಗೆ ಇಬ್ಬರೂ ಒಂದೇ ಹೊಳೆಯಲ್ಲಿ ಮೀನು ಹಿಡಿದು, ಒಬ್ಬರಿಗೊಬ್ಬರು ಬೈದುಕೊಂಡು ಬೆಳೆದ ಗೆಳೆಯರು. ಚರ್ಚಿನಿಂದ ಹೊರಬಂದ ಮೇಲೆ ಒಬ್ಬರಿಗೊಬ್ಬರು ನೀವು, ತಾವು. ನಮ್ಮಲ್ಲಿ ಹಾಗೇ. ಆ ನಂಟು ರಕ್ತಕ್ಕಿಂತ ಮೇಲು. ಕಂಪಾದ್ರೆಯ ಜೊತೆ ಜಗಳವಾಡಬಾರದು, ಅವನ ಮಾತಿಗೆ ಸಾಕ್ಷಿ ಕೇಳಬಾರದು, ಅವನು ಮಾಡಿದ ಕೆಲಸವನ್ನು ಅವನ ಹಿಂದೆ ಹೋಗಿ ಪರೀಕ್ಷಿಸಬಾರದು.

ಹೀಗಾಗಿ ಕೆಲಸ ಹಂಚಿಕೆಯಾಯಿತು. ಕೂತು ಮಾಡಬಹುದಾದ ವೈರಿಂಗ್ ಬೆಲಾರ್ಮಿನೊ ಅವರದು, ಗ್ಯಾಸಿನ ಕೆಲಸವೆಲ್ಲ ಒನೋಫ್ರೆಯದು. ತಮ್ಮ ಕೆಂಪು ತಂತಿಯ ಸುರುಳಿಯನ್ನೂ ಬೆಲಾರ್ಮಿನೊ ಅವನ ಕೈಗೆ ಕೊಟ್ಟರು. ಬೇರೆ ಯಾರೇ ಮಾಡಿದ್ದರೂ ಹಿಂದೆ ನಿಂತು ಒಂದೊಂದು ತಿರುಪನ್ನೂ ನೋಡುವ ಮನುಷ್ಯ, ಒನೋಫ್ರೆ ಪೆಟ್ಟಿಗೆ ಮುಚ್ಚುವಾಗ ಬಾಗಿಲೊಳಗಿನ ಉಂಗುರವನ್ನಷ್ಟೇ ಕಣ್ಣಲ್ಲೇ ಸವರಿ, "ಆಯ್ತು ಕಂಪಾದ್ರೆ" ಎಂದು ತಿರುಗುತ್ತಿದ್ದರು.

ನಮ್ಮ ಊಟದ ಮನೆಗೆ ಯಂತ್ರ ಬಂದದ್ದು ಆ ಮೇಲಿನ ಚಳಿಗಾಲದ ಮೊದಲಿಗೆ. ಹಾಕಿದ ಹೊಸದರಲ್ಲಿ ಅದು ತಾನಾಗಿ ನಿಂತುಹೋಯಿತು. ಒನೋಫ್ರೆ ಬಂದು ಒಳಗಿನ ಗುಂಡಿ ಒತ್ತಿ, ಮತ್ತೆ ಓಡಿಸಿ ಹೋದ. ಮತ್ತೆ ನಿಂತಿತು, ಮತ್ತೆ ಒತ್ತಿದ. ಏನೋ ಸುಟ್ಟ ವಾಸನೆ ಎಂದೆ. "ಹೊಸ ಯಂತ್ರ ಅಲ್ವಾ, ಎಣ್ಣೆ ಸುಡುತ್ತೆ. ಹೊಸ ಬಾಣಲೆ ವಾಸನೆ ಬರಲ್ವಾ?" ಎಂದ.

ಕೆಲವು ವಾರ ಕಳೆದ ಮೇಲೆ ಊಟಕ್ಕೆ ಬರುವ ಮುದುಕರು ತಲೆಭಾರ ಎನ್ನತೊಡಗಿದರು. ಯುಫೇಲಿಯಾ ಅಜ್ಜಿ ಸಾರಿನ ಬಟ್ಟಲಿನ ಮುಂದೆ ಕೂತಲ್ಲೇ ನಿದ್ದೆಹೋದಳು.

"ಸಾರು ಅಷ್ಟು ರುಚಿಯಾಗಿದೆ, ನೋಡಿ" ಎಂದು ಪ್ರೊಕೋಪಿಯೊ ತಾತ ನಗಿಸಿದ. ವಿಷಗಾಳಿ ಸೇರಿದರೆ ಕೂಗುವ ಪುಟ್ಟ ಸಾಧನವನ್ನು ಗೋಡೆಯಿಂದ ಕಿತ್ತವನೂ ಅವನೇ ಎಂದು ಆಮೇಲೆ ತಿಳಿಯಿತು. ಇಸ್ಪೀಟಾಡುವಾಗ ಜೀರುಂಡೆಯ ಹಾಗೆ ಕಿರ್ ಎನ್ನುತ್ತಿತ್ತಂತೆ. ಬ್ಯಾಟರಿ ಹೋಗಿದೆ ಎಂದುಕೊಂಡು ಅಡಿಗೆಮನೆಯ ಡ್ರಾಯರಿಗೆ ಹಾಕಿದ್ದ.

ಒಂದು ಮಧ್ಯಾಹ್ನ ನನಗೂ ತಲೆ ಸಿಡಿಯುತ್ತಿತ್ತು. ಕಸ ಚೆಲ್ಲಲು ಹಿಂದಕ್ಕೆ ಹೋದೆ. ತಂಪು ಗಾಳಿಗೆ ತಲೆ ಹಗುರವಾಯಿತು. ಯಂತ್ರದ ಹೊಗೆ ಬಾಯಿಯ ಮುಂದಿನ ಹೊಸ ಹಿಮದ ಮೇಲೆ ಬೀಸಣಿಗೆಯ ಆಕಾರದಲ್ಲಿ ಕಪ್ಪು ಮಸಿ ಹರಡಿತ್ತು. ಒಳಗೆ ಓಡಿ ಎಲ್ಲರನ್ನೂ ಎಬ್ಬಿಸಿ ಅಂಗಳಕ್ಕೆ ಕರೆತಂದೆ. ತಾತ ಬಟ್ಟಲು ಹಿಡಿದೇ ಬಂದ. ಬೆಲಾರ್ಮಿನೊ ಅವರಿಗೆ ಫೋನ್ ಮಾಡಿದೆ.

ಅವರು ಬಂದು, ಬಾಗಿಲು ತೆಗೆದು, ಮೊದಲು ಉಂಗುರ ಕಂಡು ಉಸಿರು ಬಿಟ್ಟರು. "ಬದಲಾಯಿಸಿದಾರೆ, ಬೇರೆ ಏನೋ ಇರಬೇಕು" ಎನ್ನುತ್ತ ಕಿಂಡಿಯಿಂದ ಉರಿ ನೋಡಿದರು. ಹಳದಿ ನಾಲಗೆ ಹೊರಗೆ ಚಾಚುತ್ತಿತ್ತು. ತಕ್ಷಣ ಟ್ಯಾಂಕ್ ಮುಚ್ಚಿದರು. ಮತ್ತೆ ಉಂಗುರಕ್ಕೇ ಕೈ ಹಾಕಿ, ಒಂದೊಂದೇ ನಾಜಲನ್ನು ಬೆರಳಿನಿಂದ ಸರಿಸಿದರು.

"ಇದಕ್ಕೆ ಬರ್ನರ್ ಎಷ್ಟಿವೆ ನೋಡಮ್ಮ. ನನ್ನ ಕಣ್ಣು ಯಾಕೋ ಸರಿಯಿಲ್ಲ."

"ಮೂರು."

"ಇಲ್ಲಿ?"

ಉಂಗುರದಲ್ಲಿ ನಾಲ್ಕು ನಾಜಲ್‌ಗಳಿದ್ದವು. ಯಾವುದೋ ದೊಡ್ಡ ಯಂತ್ರದಿಂದ ಎಂದೋ ಬಿಚ್ಚಿದವು. ಈ ಯಂತ್ರದ ಮೂರು ನಾಜಲ್‌ಗಳು ಕಾರ್ಖಾನೆಯಿಂದ ಬಂದ ಹಾಗೇ ಬರ್ನರ್‌ಗಳಲ್ಲಿ ಕೂತಿದ್ದವು. ವಾರಗಟ್ಟಲೆ ಅತಿಯಾಗಿ ಉರಿದು, ಉರಿಯ ಹೊಗೆಯನ್ನು ಬಿಸಿಗಾಳಿಗೆ ಸೇರದಂತೆ ತಡೆಯುವ ಒಳಗಿನ ಕಬ್ಬಿಣದ ಗೂಡು ಬಿರುಕು ಬಿಟ್ಟಿತ್ತು. ಆ ಬಿರುಕಿನಿಂದ ವಿಷಗಾಳಿ ಬಿಸಿಗಾಳಿಯ ಜೊತೆ ನಮ್ಮ ಊಟದ ಕೋಣೆಗೆ ಬರುತ್ತಿತ್ತು.

ಒನೋಫ್ರೆಯನ್ನು ಕರೆಸಿದರು. ಅವನು ಟ್ರಕ್ಕಿನಿಂದ ಇಳಿದು, ಅಂಗಳದಲ್ಲಿ ಕಂಬಳಿ ಹೊದ್ದು ನಿಂತ ಮುದುಕರನ್ನು ನೋಡಿ, "ಏನು ಕಂಪಾದ್ರೆ, ಹಿಮದಲ್ಲಿ ಊಟ ಇಟ್ಟಿದೀರಾ?" ಎಂದ.

"ಕಂಪಾದ್ರೆ, ಇದರ ನಾಜಲ್ ಬದಲಾಯಿಸಿದೀರಾ?"

"ಉಂಗುರ ಇದೆಯಲ್ಲ."

"ಇದೆ. ಅದರಲ್ಲಿ ನಾಲ್ಕಿವೆ. ಬರ್ನರ್ ಮೂರು."

ಒನೋಫ್ರೆ ಬೂಟಿನಿಂದ ಹಿಮ ಕೆದಕಿದ. "ಸಣ್ಣ ನಾಜಲ್‌ಗಳು ಆಲ್ಬುಕರ್ಕಿಯಿಂದ ಬಂದಿರ್ಲಿಲ್ಲ ಕಂಪಾದ್ರೆ. ಮುದುಕರು ಚಳೀಲಿ ನಡುಗ್ತಿದ್ರು. ಬಂದ ಮೇಲೆ ಹಾಕೋಣಾಂತಿದ್ದೆ."

"ಹಾಕೋಣಾಂತಿದ್ದೋರು ಉಂಗುರ ಯಾಕೆ ಕಟ್ಟಿದ್ರಿ?"

"ಮುಚ್ಚೋವಾಗ ನೀವು ನೋಡೋದು ಅದೊಂದೇ ಅಲ್ವಾ."

ಅವನು ಅದನ್ನು ಒರಟಾಗಿ ಹೇಳಲಿಲ್ಲ, ತಿಳಿಯದವರಿಗೆ ತಿಳಿಸುವಂತೆ ಹೇಳಿದ. ಬೆಲಾರ್ಮಿನೊ ಪೆಟ್ಟಿಗೆಯ ಬಾಗಿಲು ಮುಚ್ಚಿದರು.

"ಬೇರೆ ಯಾರ ಮನೇಲಿ ಹಿಂಗೆ ಮಾಡಿದೀಯ?" ಪ್ರಿಸಿಲಾಳ ಜ್ಞಾನಸ್ನಾನದ ನಂತರ ಅವರು ಅವನನ್ನು ನೀನು ಎಂದದ್ದು ಅದೇ ಮೊದಲಂತೆ.

"ಎಲ್ಲೂ ಇಲ್ಲ. ನಮ್ಮ ಕಂಪಾದ್ರೆತನದ ಆಣೆ."

ಆ ಆಣೆಯನ್ನು ನಂಬಬೇಕು. ನಂಬದಿರುವುದು ನಮ್ಮಲ್ಲಿ ಪಾಪ. ಬೆಲಾರ್ಮಿನೊ ನಂಬಲೆಂದೇ ಮನೆಗೆ ಹೋದರು ಎಂದು ಅವರ ಹೆಂಡತಿ ಸೆನೈದಾ ನನಗೆ ಹೇಳಿದ್ದಾರೆ. ಊಟಕ್ಕೆ ಕೂತರಂತೆ, ರೊಟ್ಟಿ ಮುರಿದರಂತೆ, ಬಾಯಿಗಿಡದೆ ಎದ್ದು ಯುಫೇಲಿಯಾ ಅಜ್ಜಿಯ ಮನೆಗೆ ಹೋದರಂತೆ. ಅಜ್ಜಿ ಊಟದ ಮನೆಯಲ್ಲಷ್ಟೇ ಅಲ್ಲ, ತನ್ನ ಮನೆಯಲ್ಲೂ ತೂಕಡಿಸುತ್ತಾಳೆ ಎಂಬುದು ಅವರಿಗೆ ನೆನಪಾಗಿತ್ತು. ಅಲ್ಲೂ ಕೆಂಪು ಉಂಗುರ ನೇತಾಡುತ್ತಿತ್ತು. ಅಲ್ಲೂ ಉರಿ ಹಳದಿ.

ಇನ್ನು ಎಷ್ಟು ಮನೆ, ಯಾವ ಮನೆ? ಕೇಳಲು ಹೋದರೆ ಒನೋಫ್ರೆ ತನ್ನ ಮನೆಯ ಬಾಗಿಲು ತೆಗೆಯಲಿಲ್ಲ. ಅಷ್ಟೇ ಅಲ್ಲ, ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಅವನೇ ಮೊದಲು ಮಾತು ಹರಡಿದ. "ನಾನು ಪಾಪ, ಹೇಳಿದಷ್ಟು ಮಾಡೋನು. ಕೆಂಪು ಉಂಗುರ ಯಾರದು ಅಂತ ನೀವೇ ಹೇಳಿ." ಉಂಗುರ ಯಾರದೆಂದು ಇಡೀ ಕಣಿವೆಗೆ ಗೊತ್ತಿತ್ತು. ನಾನು ಕಂಡದ್ದನ್ನು ಕೇಳಿದವರಿಗೆಲ್ಲ ಹೇಳಿದೆ. ಕೆಲವರು ನಂಬಿದರು. ಹೆಚ್ಚಿನವರು, "ನಿನಗೆ ಅವರ ಮೇಲೆ ಅಭಿಮಾನ ಬಿಡಮ್ಮ" ಎಂದರು.

ಬೆಲಾರ್ಮಿನೊ ಅವರಿಗೆ ಎರಡು ದಾರಿಗಳಿದ್ದವು. ಮನೆಯಲ್ಲಿ ಕೂತು, ತಪ್ಪು ತನ್ನದಲ್ಲ ಎಂದು ಹೆಸರು ಉಳಿಸಿಕೊಳ್ಳುವುದು ಒಂದು. ಇಲ್ಲವೇ ಮನೆಮನೆಗೆ ಹೋಗಿ ಪೆಟ್ಟಿಗೆ ತೆಗೆಸುವುದು. ಆದರೆ ಚಳಿಗಾಲದ ನಡುವೆ ಯಂತ್ರ ನಿಲ್ಲಿಸಿ ಬಿಚ್ಚಲು ಯಾರು ಬಿಡುತ್ತಾರೆ, ಉಂಗುರ ಇರುವಾಗ? ಬಿಡಬೇಕಾದರೆ ಉಂಗುರವೇ ಸುಳ್ಳು ಎಂದು ಅವರೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಒನೋಫ್ರೆಯ ಮಾತೇ ನಿಜವಾದಂತೆ.

ಅವರು ಹೇಳಿದರು. ಸೊಂಟ ಹಿಡಿದುಕೊಂಡು, ಹಿಮ ತುಳಿದು, ಮನೆಯಿಂದ ಮನೆಗೆ. ರಜೆ ಇದ್ದ ದಿನ ಟಾರ್ಚ್ ಹಿಡಿಯಲು ನಾನೂ ಹೋದೆ.

"ನನ್ನ ಉಂಗುರ ನಂಬಬೇಡಿ. ಒಳಗೆ ನೋಡಬೇಕು."

"ಮೊದಲೇ ಸರಿಯಾಗಿ ಮಾಡಬಾರದಿತ್ತಾ, ಬೆಲಾರ್ಮಿನೊ?" ಎಂದಳು ಒಬ್ಬಳು ಹೆಂಗಸು, ಬಾಗಿಲನ್ನು ಅರ್ಧವೇ ತೆರೆದು.

"ಮಾಡಬೇಕಿತ್ತು ತಾಯಿ. ಈಗ ಬಿಡಿ, ನೋಡ್ತೀನಿ."

ಒನೋಫ್ರೆಯ ಹೆಸರನ್ನು ಯಾವ ಹೊಸ್ತಿಲಲ್ಲೂ ಅವರು ಎತ್ತಲಿಲ್ಲ. ನನಗೇ ತಡೆಯಲಾರದೆ ಟ್ರಕ್ಕಿನಲ್ಲಿ ಕೇಳಿದೆ. "ಅವನು ನನ್ನ ಮಗಳನ್ನ ದೇವರ ಮುಂದೆ ಎತ್ತಿಕೊಂಡೋನು. ಅದನ್ನ ಬಿಚ್ಚೋಕೆ ಯಾವ ಸ್ಪ್ಯಾನರೂ ಇಲ್ಲಮ್ಮ" ಎಂದರು.

ಇನ್ನೂ ಕೆಲವು ಮನೆಗಳಲ್ಲಿ ಸುಳ್ಳು ಉಂಗುರ ಸಿಕ್ಕಿತು. ಸಿಕ್ಕಲ್ಲೆಲ್ಲ ಟ್ಯಾಂಕ್ ಮುಚ್ಚಿ, ಸರಿಯಾದ ನಾಜಲ್ ಬರುವವರೆಗೆ ಸೌದೆ ಒಲೆ ಹಚ್ಚಿಕೊಟ್ಟು ಬಂದರು. ಯಾರೂ ಸಾಯಲಿಲ್ಲ. ಕೊನೆಗೆ ಉಳಿದದ್ದು ಪ್ರಿಸಿಲಾಳ ಮನೆ. ಅವಳಿಗೆ ಆಗ ಎಳೆಗೂಸಿತ್ತು. ಅಲ್ಲೂ ಗ್ಯಾಸಿನ ಕೆಲಸ ಮಾಡಿದ್ದವನು ಒನೋಫ್ರೆಯೇ. ಮೊದಲ ದಿನವೇ ಅಲ್ಲಿ ಟ್ಯಾಂಕ್ ಮುಚ್ಚಿಸಿ ಸೌದೆ ಒಲೆ ಹಚ್ಚಿಸಿದ್ದವರು, ಪೆಟ್ಟಿಗೆ ತೆಗೆಯುವುದನ್ನು ಮಾತ್ರ ಯಾಕೆ ಕೊನೆಗಿಟ್ಟರು ಎಂದು ನಾನು ಕೇಳಲಿಲ್ಲ.

ತೆಗೆದರು. ಮೂರು ಬರ್ನರ್, ಉಂಗುರದಲ್ಲಿ ಮೂರು ನಾಜಲ್. ಒಳಗೆ ಸಣ್ಣ ತೂತಿನವು ಬಿಗಿಯಾಗಿ ಕೂತಿದ್ದವು, ಸ್ಪ್ರಿಂಗ್ ಬದಲಾಗಿತ್ತು, ಸೋಪಿನ ನೊರೆ ಒಣಗಿದ ಕಲೆ ಪ್ರತಿ ಜೋಡಣೆಯ ಮೇಲೂ ಇತ್ತು. ಟ್ಯಾಂಕ್ ತೆರೆದು ಹಚ್ಚಿದರು. ಉರಿ ಶುದ್ಧ ನೀಲಿ.

"ದೇವರು ದೊಡ್ಡವನು" ಎಂದೆ ನಾನು.

ಬೆಲಾರ್ಮಿನೊ ಹಿಮದ ಮೇಲೇ ಕೂತುಬಿಟ್ಟರು. ಇಷ್ಟು ಮನೆಗಳ ಮುಂದೆ ನಿಂತಾಗ ಬಾರದ ಅಳು ಅವರಿಗೆ ಅಲ್ಲಿ ಬಂತು. "ಹೇಗೆ ಮಾಡಬೇಕು ಅಂತ ಅವನಿಗೆ ಗೊತ್ತಿತ್ತು" ಎಂದರು. "ಮರೆವಲ್ಲ, ಅವಸರ ಅಲ್ಲ. ಎಲ್ಲಿ ಸರಿಯಾಗಿ ಮಾಡಬೇಕು, ಎಲ್ಲಿ ಬೇಡ ಅಂತ ಆರಿಸಿಕೊಂಡಿದಾನೆ."

ಒಳಗಿನಿಂದ ಪ್ರಿಸಿಲಾ ಕೂಗಿದಳು. "ಅಪ್ಪಾ, ಎಲ್ಲ ಸರಿ ಇದೆಯಾ?"

"ಸರಿ ಇದೆ ಮಗಳೇ. ನಿನ್ನ ಪಾದ್ರಿನೊ ಚೆನ್ನಾಗಿ ಮಾಡಿದಾರೆ."

ಆಮೇಲೆ ಆ ಮೂರು ನಾಜಲ್‌ಗಳ ಉಂಗುರವನ್ನು ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡರು.

ಒನೋಫ್ರೆ ಈಗಲೂ ಇದೇ ಊರಲ್ಲಿದ್ದಾನೆ. ಚರ್ಚಿನಲ್ಲಿ ಎದುರಾದರೆ "ಕಂಪಾದ್ರೆ" ಎನ್ನುತ್ತಾನೆ. ಅವರೂ ಟೋಪಿ ತೆಗೆದು "ಕಂಪಾದ್ರೆ" ಎನ್ನುತ್ತಾರೆ, ನೀವು ಎಂದೇ ಮಾತಾಡುತ್ತಾರೆ, ಹವೆಯ ಬಗ್ಗೆ.

ಬೆಲಾರ್ಮಿನೊ ಸಿಸ್ನೆರೋಸ್ ಈಗ ಹೊಸ ಯಂತ್ರ ಕೂರಿಸುವುದಿಲ್ಲ. ಪ್ರತಿ ವರ್ಷ ಚಳಿ ಶುರುವಾಗುವ ಮುಂಚೆ ಕಣಿವೆಯ ಮನೆಗಳಿಗೆ ಒಬ್ಬರೇ ಹೋಗಿ, ಯಂತ್ರಗಳನ್ನು ಬಿಚ್ಚಿ, ಮನೆಯವರನ್ನು ಕರೆದು ಉರಿಯ ಬಣ್ಣ ತೋರಿಸಿ ಬರುತ್ತಾರೆ. ಉಂಗುರ ಕಟ್ಟುವುದಿಲ್ಲ.