ಸರ್ಕಾರಿ ಗೋಡೆ ಗೀಚದ ತಾತ

ದಿಲ್ಲಿಯ ಕೌಟುಂಬಿಕ ನ್ಯಾಯಾಲಯದಲ್ಲಿ ಮಕ್ಕಳನ್ನು ಭೇಟಿ ಮಾಡುವ ಕೋಣೆಯೊಂದಿದೆ. ಅಲ್ಲಿ ಕೂತು ನಿಗಾ ಇಡುವುದು ನನ್ನ ಕೆಲಸ. ಒಮ್ಮೆ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬಾಳಿದ್ದ ನಿವೃತ್ತ ಗುಮಾಸ್ತರೊಬ್ಬರು ಬಂದರು. ಮಗ ತೀರಿಕೊಂಡಿದ್ದ, ಸೊಸೆ ಬೇರೆ ಹೋಗಿದ್ದಳು. ಎರಡು ವರ್ಷ ಅಲೆದ ಮೇಲೆ ಮೊಮ್ಮಗಳನ್ನು ನೋಡಲು ಒಂದು ಗಂಟೆ ಸಿಕ್ಕಿತ್ತು.

“ನೆಟ್ಟಗೆ ನಿಂತ್ಕೋ ಪುಟ್ಟಿ,” ಎಂದವರೇ ಜೇಬಿನಿಂದ ದಾರ ತೆಗೆದು ಅವಳ ಹಿಮ್ಮಡಿಯಿಂದ ನೆತ್ತಿಯವರೆಗೆ ಹಿಡಿದರು.

“ಏನ್ ಸಾರ್ ಇದು?” ಕನ್ನಡದಲ್ಲೇ ಗದರಿದೆ.

“ಹುಟ್ಟುಹಬ್ಬಕ್ಕೆ ಎತ್ತರ ಅಳೀತಿದ್ದೆ ಕಣಮ್ಮ. ಸರ್ಕಾರಿ ಗೋಡೆ ಗೀಚಬಾರದಲ್ಲ, ಅದಕ್ಕೇ ದಾರಕ್ಕೆ ಗಂಟು.”

ಹೊಸ ಗಂಟು ಹಾಕಿದರು. ಹಳೆಯದಕ್ಕೂ ಅದಕ್ಕೂ ನಡುವೆ ಅರ್ಧ ಗೇಣು. ಅಲ್ಲಿ ಬೆರಳಾಡಿಸುತ್ತಾ, “ಇಷ್ಟನ್ನ ನಾನು ನೋಡ್ಲೇ ಇಲ್ಲ,” ಎಂದರು.

“ತಾತಾ, ಅಗ್ಲೀ ಬಾರ್ ಗಂಟು ನಾನ್ ಹಾಕ್ತೀನಿ, ಅಚ್ಛಾ?” ಎಂದಳು ಹುಡುಗಿ.

ಮುಂದಿನ ಭೇಟಿಗೆ ಇನ್ನೂ ಆದೇಶವಿರಲಿಲ್ಲ. ತಾತ ನನ್ನ ಮುಖ ನೋಡಿದರು. ನಾನು ರಿಜಿಸ್ಟರ್ ನೋಡಿದೆ.

ತಂದದ್ದನ್ನು ಬಿಟ್ಟು ಆ ಕೋಣೆಯಿಂದ ಯಾರೂ ಬೇರೇನನ್ನೂ ಒಯ್ಯುವಂತಿಲ್ಲ. ‘ತಂದದ್ದು ದಾರ, ಒಯ್ದದ್ದು ದಾರ’ ಎಂದು ಬರೆದೆ. ಗಂಟಿಗೆ ನಮ್ಮಲ್ಲಿ ಕಾಲಂ ಇಲ್ಲ, ಪುಣ್ಯಕ್ಕೆ.