ಜವರಯ್ಯ ಜೋಡಿ ಮಾಡಿದ ಬ್ರೇಕು

ಜವರಯ್ಯನಿಗೆ ಯಾವ ಸಾಮಾನು ಕೈಗೆ ಸಿಕ್ಕರೂ ಮೊದಲು ಜೋಡಿ ಮಾಡಿಡುವ ಅಭ್ಯಾಸ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತ ಕುಟುಂಬ ಅವನದು. ಅವನ ಅಪ್ಪ ಹೊಲದ ಕೆಲಸವಿಲ್ಲದ ದಿನಗಳಲ್ಲಿ ಎತ್ತಿನ ಗಾಡಿ ಕಟ್ಟುತ್ತಿದ್ದ. ಚಕ್ರಕ್ಕೆ ಕೆತ್ತಿದ ಅರಗಳನ್ನು ಉದ್ದಕ್ಕೆ ಉದ್ದ, ಗಿಡ್ಡಕ್ಕೆ ಗಿಡ್ಡ ಎಂದು ಬೇರೆ ಬೇರೆ ರಾಶಿ ಮಾಡುವುದು ಜವರಯ್ಯನ ಪಾಲಿನ ಕೆಲಸ. ಒಂದು ಅರ ಗಿಡ್ಡವಾದರೂ ಗಾಡಿ ದಾರಿಯುದ್ದಕ್ಕೂ ಕುಂಟುತ್ತದೆ ಎಂದು ಅಪ್ಪ ಹೇಳಿದ್ದು ಅವನ ಕೈಬೆರಳಿಗೇ ಇಳಿದುಹೋಗಿತ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವನು ಮಿಲಿಟರಿ ಲಾರಿಗಳಿಗೆ ಮರದ ದಿಮ್ಮಿ ಏರಿಸುವ ಕೂಲಿಗೆ ಹೋದ. ಡ್ರೈವರುಗಳ ಪಕ್ಕ ಕೂತು ಕೂತು ಸ್ಟೇರಿಂಗ್ ಹಿಡಿಯುವುದನ್ನು ಕಲಿತ. ಯುದ್ಧ ಮುಗಿದು, ಕೊಡಗು ತನ್ನದೇ ಪುಟ್ಟ ರಾಜ್ಯವಾಗಿದ್ದ ವರ್ಷಗಳಲ್ಲಿ ಮಾದಾಪುರದ ಹತ್ತಿರದ ಕಾಫಿ ಎಸ್ಟೇಟಿನ ಸಾಹುಕಾರರಾದ ಶಿವಶಂಕರಪ್ಪನವರು ಮಿಲಿಟರಿ ಹರಾಜಿನಲ್ಲಿ ಹಳೆಯ ಪಿಕಪ್ ಒಂದನ್ನು ಕೊಂಡರು. ಅದರ ಜೊತೆಗೆ ಡ್ರೈವರಾಗಿ ಬಂದವನು ಜವರಯ್ಯ. ಹೆಂಡತಿ ಕಾಳಮ್ಮ ಅದೇ ತೋಟದಲ್ಲಿ ಕಾಫಿ ಹಣ್ಣು ಕೀಳುವ ಪಿಕಿಂಗ್ ಕೆಲಸಕ್ಕೆ ಸೇರಿದಳು.

ಪ್ರತಿ ಸಂಜೆ ಮೇಲಿನ ತೋಟದಿಂದ ಕಾಫಿ ಹಣ್ಣಿನ ಮೂಟೆಗಳನ್ನೂ ಪಿಕಿಂಗ್ ಹೆಂಗಸರನ್ನೂ ತುಂಬಿಕೊಂಡು ಕಡಿದಾದ ಇಳಿಜಾರಿನಲ್ಲಿ ಕೆಳಗಿನ ಕಣಕ್ಕೆ ಇಳಿಸುವುದು ಪಿಕಪ್ಪಿನ ಕೆಲಸ. ಒಂದು ಹಂಗಾಮಿನ ನಡುವೆ ಹಿಂದಿನ ಚಕ್ರಗಳ ಬ್ರೇಕು ಕರಕರ ಎನ್ನತೊಡಗಿತು. ಜವರಯ್ಯ ಮೈಸೂರಿನಿಂದ ಬ್ರೇಕ್ ಒತ್ತಿದಾಗ ಉಜ್ಜಿ ಚಕ್ರ ತಡೆಯುವ ಹೊಸ ಲೈನಿಂಗ್ ಪಟ್ಟಿ ತರಿಸಿದ. ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೇ ಬಿಚ್ಚಿ, ಡ್ರಮ್ಮಿನೊಳಗೆ ಚಕ್ರಕ್ಕೆ ಎರಡರಂತೆ ಇದ್ದ, ಲೈನಿಂಗ್ ಕೂರುವ ನಾಲ್ಕೂ ಬ್ರೇಕ್ ಷೂಗಳನ್ನು ಗೋಣಿಚೀಲದ ಮೇಲೆ ಹಾಕಿದ. ಸವೆದ ಹಳೆಯ ಲೈನಿಂಗ್ ಉಳಿ ತಾಗಿಸುತ್ತಲೇ ಚೂರುಚೂರಾಗಿ ಉದುರಿತು. ಹೊಸತರಲ್ಲಿ ಎರಡು ಉದ್ದ, ಎರಡು ಗಿಡ್ಡ ಇದ್ದವು. ಅವನು ಒಂದೊಂದು ಷೂಗೆ ಒಂದೊಂದನ್ನು ಕೂರಿಸಿ ತಾಮ್ರದ ರಿವೆಟ್ ಹೊಡೆದ. ಆಮೇಲೆ ಅಪ್ಪನ ಅರಗಳ ರಾಶಿಯಂತೆಯೇ ವಿಂಗಡಿಸಿ, ಉದ್ದದ ಜೋಡಿಯನ್ನು ಬಲ ಚಕ್ರಕ್ಕೂ ಗಿಡ್ಡದ ಜೋಡಿಯನ್ನು ಎಡ ಚಕ್ರಕ್ಕೂ ಹಾಕಿ ಮುಚ್ಚಿದ. ಕೆಲಸ ಕಣ್ಣಿಗೆ ಬಲು ಚೆಂದ ಕಂಡಿತು.

ಆ ಸಂಜೆಯೇ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಬಲಗಡೆಯ ಹಿಂಚಕ್ರ ಗಕ್ಕನೆ ಕಚ್ಚಿಕೊಂಡಿತು. ಪಿಕಪ್ಪಿನ ಮೂತಿ ಬಲಕ್ಕೆ ತಿರುಗಿ, ಮುಂದಿನ ಗಾಲಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಹೆಂಗಸರು ಕಿರುಚಿಕೊಂಡು ಧುಮುಕಿದರು. ಯಾರಿಗೂ ಏಟಾಗಲಿಲ್ಲ. ಆದರೆ ಮಾರನೆಯ ದಿನ ಒಬ್ಬರೂ ಹತ್ತಲಿಲ್ಲ. ಕಾಳಮ್ಮ ಕೂಡ ಗಂಡನ ಕಡೆ ನೋಡದೆ, ಪಿಕಪ್ಪಿನ ಪಕ್ಕದಲ್ಲೇ ಬುಟ್ಟಿ ಹೊತ್ತು ನಡೆದುಹೋದಳು.

ಶಿವಶಂಕರಪ್ಪನವರು ಕಣದ ಕಟ್ಟೆಯ ಮೇಲೆ ನಿಂತು ಕರೆದರು. "ಜವರಯ್ಯ, ಜನ ಹತ್ತದ ಗಾಡಿ ಇಟ್ಕೊಂಡು ನಾನೇನು ಪೂಜೆ ಮಾಡ್ಲಾ? ಶನಿವಾರದೊಳಗೆ ಸರಿ ಮಾಡು. ಆಗ್ಲಿಲ್ಲ ಅಂದ್ರೆ ಮಾರಿಬಿಡ್ತೀನಿ. ಹಿಂದುಗಡೆ ಮತ್ತಿ ಮರದ ದಿಮ್ಮಿ ಬಿದ್ದದೆ, ಒಂದೆರಡು ಎತ್ತಿನ ಗಾಡಿ ಕಟ್ಟುವಿಯಂತೆ. ನಂಗೇನೂ ಬೇಜಾರಿಲ್ಲ."

ಬೇಜಾರು ಇದ್ದದ್ದು ಜವರಯ್ಯನಿಗೆ. ಗಾಡಿ ಕಟ್ಟುವುದು ಅವನಿಗೆ ಅವಮಾನವಲ್ಲ. ಆದರೆ ಇಳಿಜಾರಿನಲ್ಲಿ ಅಷ್ಟು ಜನರ ಜೀವ ಹೊತ್ತು ಇಳಿಯುವ ಆ ಸ್ಟೇರಿಂಗನ್ನು ಬಿಟ್ಟುಕೊಡಲು ಅವನ ಮನಸ್ಸು ಒಪ್ಪಲಿಲ್ಲ.

ಅವನು ಒಂದೊಂದಾಗಿ ಪರೀಕ್ಷೆ ಮಾಡುತ್ತ ಬಂದ. ಟೈರುಗಳ ಗಾಳಿ ಸಮವಾಗಿತ್ತು. ಬ್ರೇಕ್ ಎಣ್ಣೆ ಎಲ್ಲೂ ಸೋರಿರಲಿಲ್ಲ. ಪೈಪಿನೊಳಗೆ ಗಾಳಿ ಸೇರಿದೆಯೇ ಎಂದು ನೋಡಲು ಮೇಲೆ ಕೂತು ಪೆಡಲ್ ತುಳಿಯುವವರು ಬೇಕಾಗಿತ್ತು.

"ಕಾಳಿ, ಒಂಚೂರು ಮೇಲೆ ಕೂತ್ಕೊಳೆ."

"ನಿಂತಿರೋ ಗಾಡಿ ತಾನೆ? ಆಗಾದ್ರೆ ಕೂರ್ತೀನಿ" ಎಂದು ಕಾಳಮ್ಮ ಸೀರೆ ಎತ್ತಿ ಕಟ್ಟಿ ಹತ್ತಿದಳು.

"ಒತ್ತು."

"ಒತ್ತಿದೆ."

"ಬಿಡು. ಇನ್ನೊಂದ್ಸಲ."

"ನೆಲ್ಲು ಕುಟ್ಟೋ ಕೆಲ್ಸ ಮಾಡ್ಸೋಕೆ ಈ ಗಾಡಿ ಬೇಕಿತ್ತಾ ನಿಮಗೆ?"

ಪೈಪಿನಿಂದ ಹೊರಬಂದ ಎಣ್ಣೆಯಲ್ಲಿ ಗಾಳಿಯ ಒಂದು ಗುಳ್ಳೆಯೂ ಇರಲಿಲ್ಲ. ಬಲ ಚಕ್ರದ ಬ್ರೇಕನ್ನು ಸ್ವಲ್ಪ ಸಡಿಲ ಮಾಡಿ, ಖಾಲಿ ಪಿಕಪ್ಪನ್ನು ಕಣದ ಹತ್ತಿರದ ಇಳಿಜಾರಿನಲ್ಲಿ ಬಿಟ್ಟು ನೋಡಿದ. ಬ್ರೇಕ್ ಹಿಡಿಯುವುದು ತಡವಾಯಿತೇ ಹೊರತು ಬಲಕ್ಕೆ ಎಳೆಯುವುದು ನಿಲ್ಲಲಿಲ್ಲ. ಶನಿವಾರ ಹತ್ತಿರ ಬಂದಿತ್ತು. ಬೇರೆ ದಾರಿ ಕಾಣದೆ ಹಿಂದಿನ ಎರಡೂ ಡ್ರಮ್ಮುಗಳನ್ನು ಮತ್ತೆ ಬಿಚ್ಚಿದ.

"ನೋಡೆ, ಎಷ್ಟು ಚೆನ್ನಾಗಿ ಜೋಡಿ ಕೂತವೆ. ಇದ್ರಲ್ಲಿ ಏನ್ ತಪ್ಪು ಹುಡುಕೋದು?"

ಕಾಳಮ್ಮ ಬಗ್ಗಿ ಒಂದು ಚಕ್ರ ನೋಡಿದಳು, ಹೋಗಿ ಇನ್ನೊಂದು ನೋಡಿದಳು. "ಬಿಚ್ಚೋಕೆ ಮುಂಚೆ ಹಿಂಗೇ ಇತ್ತಾ?"

ಹೇಗಿತ್ತೆಂದು ಜವರಯ್ಯನಿಗೇ ಗೊತ್ತಿರಲಿಲ್ಲ. ಎಲ್ಲವನ್ನೂ ಒಂದೇ ಸಲ ಗೋಣಿಯ ಮೇಲೆ ಸುರಿದಿದ್ದ.

"ಹಳೇ ರವಿಕೆ ಬಿಚ್ಚಿ ಅದೇ ಅಳತೆಗೆ ಹೊಸದು ಹೊಲಿಯೋವಾಗ ನಾನು ಒಂದು ತೋಳು ಬಿಚ್ಚದೆ ಇಟ್ಕೋತೀನಿ. ಆಮೇಲೆ ನೋಡ್ಕೊಳ್ಳೋಕೆ ಬೇಕಲ್ಲ. ನೀವು ಒಂದಾದ್ರೂ ಬಿಚ್ಚದೆ ಬಿಡಬಾರ್ದಿತ್ತಾ?"

"ಬಿಟ್ಟಿದ್ರೆ ಈ ಪಾಡು ಯಾಕೆ ಬರ್ತಿತ್ತು" ಎಂದು ಗೊಣಗಿ ತಲೆ ಎತ್ತಿದವನ ಕಣ್ಣು ಮುಂದಿನ ಚಕ್ರಗಳ ಮೇಲೆ ಬಿತ್ತು. ಅವುಗಳನ್ನು ಅವನು ಮುಟ್ಟಿರಲಿಲ್ಲ. ಮಿಲಿಟರಿಯವರು ಕೂರಿಸಿದ ಹಾಗೆಯೇ ಇದ್ದವು.

ಎದ್ದವನೇ ಜಾಕ್ ಕೊಟ್ಟು ಮುಂದಿನ ಎಡ ಚಕ್ರ ಬಿಚ್ಚಿದ. ಡ್ರಮ್ಮು ಕಳಚಿದ. ಒಳಗೆ ಮುಂಭಾಗದ ಷೂ ಮೇಲೆ ಗಿಡ್ಡ ಲೈನಿಂಗ್, ಹಿಂಭಾಗದ ಷೂ ಮೇಲೆ ಉದ್ದ ಲೈನಿಂಗ್. ಅದನ್ನು ಹಾಗೆಯೇ ಮುಚ್ಚಿ ಬಲ ಚಕ್ರವನ್ನೂ ಬಿಚ್ಚಿದ. ಅಲ್ಲೂ ಅದೇ. ಜವರಯ್ಯ ನೆಲದ ಮೇಲೆ ಕೂತು ಹಣೆ ಹಣೆ ಬಡಿದುಕೊಂಡು ನಗತೊಡಗಿದ.

"ಏನಾಯ್ತು? ಹುಚ್ಚು ಹಿಡೀತಾ?"

"ಹುಟ್ಟಿದಾಗಿಂದ ಎತ್ತು ಕಟ್ಟಿದೀನಿ ಕಣೆ. ಎಡಗಡೆ ಎತ್ತು ಬೇರೆ, ಬಲಗಡೆ ಎತ್ತು ಬೇರೆ ಅಂತ ಗೊತ್ತಿಲ್ವಾ ನಂಗೆ? ಈಗ ಎರಡೂ ಎಡದೆತ್ತನ್ನೇ ಒಂದು ನೊಗಕ್ಕೆ ಕಟ್ಟಿ, ಎರಡೂ ಬಲದೆತ್ತನ್ನ ಇನ್ನೊಂದಕ್ಕೆ ಕಟ್ಟಿದೀನಿ!"

ಹೊಸದಾಗಿ ರಿವೆಟ್ ಹೊಡೆಯುವ ಕೆಲಸವೂ ಇರಲಿಲ್ಲ. ಬಲಗಡೆಯಿಂದ ಒಂದು ಉದ್ದದ ಷೂ ಎಡಕ್ಕೆ, ಎಡಗಡೆಯಿಂದ ಒಂದು ಗಿಡ್ಡದ್ದು ಬಲಕ್ಕೆ ಬಂತು. ಎರಡೂ ಚಕ್ರಗಳಲ್ಲಿ ಗಿಡ್ಡದ್ದನ್ನು ಮುಂದಕ್ಕೆ, ಉದ್ದದ್ದನ್ನು ಹಿಂದಕ್ಕೆ ಇಟ್ಟು, ಎರಡನ್ನೂ ಸಮವಾಗಿ ಬಿಗಿ ಮಾಡಿದ. ಮೂಟೆಗಳನ್ನಷ್ಟೇ ಹೇರಿಕೊಂಡು ಇಳಿಜಾರಿನಲ್ಲಿ ಹಲವು ಸಲ ನಿಲ್ಲಿಸಿ ನೋಡಿದ. ಪಿಕಪ್ ಎಳೆದ ಗೆರೆಯಂತೆ ನೇರ ನಿಂತಿತು. ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಇನ್ನರ್ಧ ಜನ ಹತ್ತಿದ ಮೇಲೆ ಇಳಿಯಬೇಕಿತ್ತು.

ಶನಿವಾರ ಸಂಜೆ ಮೇಲಿನ ತೋಟದಲ್ಲಿ ಹೆಂಗಸರು ಪಿಕಪ್ಪಿನ ಸುತ್ತ ನಿಂತರೇ ಹೊರತು ಹತ್ತಲಿಲ್ಲ. ಪಿಕಿಂಗ್ ಗುಂಪಿನ ಹಿರಿಯಳಾದ ಮುದ್ದಿ, "ಮೊದ್ಲು ನಿಮ್ಮ ಮನೆಯವರು ಹತ್ಲಿ ಜವರಣ್ಣ, ಆಮೇಲೆ ನಮ್ಮ ಕತೆ" ಎಂದಳು. ಕಾಳಮ್ಮ ಬುಟ್ಟಿಯನ್ನು ಒಳಗೆಸೆದು ಹತ್ತಿ, ಹಿಂಬಾಗಿಲ ಅಂಚಿನಲ್ಲಿ ಕಾಲು ಹೊರಗೆ ಬಿಟ್ಟು ಕೂತಳು.

"ಹಂಗ್ಯಾಕೆ ಕೂತೆ?" ಎಂದು ಜವರಯ್ಯ ಕೇಳಿದ.

"ಹಾರೋಕೆ ಅನುಕೂಲ" ಎಂದಳು. ಎಲ್ಲರೂ ನಗುತ್ತಲೇ ಹತ್ತಿದರು.

ತಿರುವು ಬರುತ್ತಿದ್ದಂತೆ ಹೆಂಗಸರು ಮೂಟೆಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಜವರಯ್ಯ ಅದೇ ಜಾಗದಲ್ಲಿ, ಬೇಕೆಂದೇ, ಪೆಡಲ್ ಒತ್ತಿದ. ಪಿಕಪ್ ಅಲುಗದೆ ರಸ್ತೆಯ ನಡುಮಧ್ಯೆ ನಿಂತಿತು. ಚರಂಡಿ ಮಾರು ದೂರದಲ್ಲಿತ್ತು.

"ಯಾಕೆ ಜವರಣ್ಣ, ಕೆಟ್ಟೋಯ್ತಾ? ಇಳಿಯೋಣ್ವಾ?" ಎಂದು ಮುದ್ದಿ ಕೂಗಿದಳು.

"ಕೂತ್ಕೋ ತಾಯಿ, ನಾನೇ ನಿಲ್ಸಿದ್ದು!"

ಹಿಂದೆ ನಗು ಎದ್ದಿತು. ಅವನು ತಿರುಗಿ ನೋಡಿದ. ಕಾಳಮ್ಮ ಕಾಲುಗಳನ್ನು ಒಳಗೆಳೆದುಕೊಂಡು ಮೂಟೆಗೆ ಒರಗಿ ಆರಾಮಾಗಿ ಕೂತಿದ್ದಳು. ಅಷ್ಟು ದಿನ ಹಿಡಿದಿಟ್ಟಿದ್ದ ಉಸಿರು ಜವರಯ್ಯನ ಬಾಯಿಂದ ಉಫ್ ಎಂದು ಹೊರಬಂತು.

ಕಣದಲ್ಲಿ ಶಿವಶಂಕರಪ್ಪನವರು ಕಾಯುತ್ತಿದ್ದರು. ಜನ ಇಳಿಯುವುದನ್ನು ನೋಡಿ, "ಹಾಗಾದ್ರೆ ಆ ಮತ್ತಿ ದಿಮ್ಮಿ ಏನ್ಮಾಡೋದೀಗ?" ಎಂದರು.

"ಹಲಗೆ ಕುಯ್ಸಿ ಕೊಡಿ ಸಾಹುಕಾರ್ರೆ. ಇವ್ರು ಕೂರೋಕೆ ಹಿಂದುಗಡೆ ಎರಡು ಬೆಂಚು ಮಾಡ್ತೀನಿ."

"ಮಾಡು. ಎರಡೂ ಒಂದೇ ಉದ್ದ ಇರ್ಲಿ, ಮತ್ತೆ!"

ಒಂದೇ ಉದ್ದದ ಆ ಬೆಂಚುಗಳ ಮೇಲೆ ಎಸ್ಟೇಟಿನ ಹೆಂಗಸರು ಅನೇಕ ಹಂಗಾಮು ಇಳಿಜಾರು ಇಳಿದರು. ಜವರಯ್ಯ ಮುಂದೆ ಎಷ್ಟೋ ಸಲ ಬ್ರೇಕ್ ಬಿಚ್ಚಿದ. ಪ್ರತಿ ಸಲವೂ ಒಂದು ಚಕ್ರ ಮುಗಿಸಿ ಮುಚ್ಚಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕುತ್ತಿದ್ದ. ಕಾಳಮ್ಮ ಹತ್ತಿರದಲ್ಲಿದ್ದರೆ, "ತೋಳು ಇಟ್ಕೊಂಡಿದೀರಾ?" ಎಂದು ಕೇಳದೆ ಬಿಡುತ್ತಿರಲಿಲ್ಲ.