ಎಲ್ಲಿಗೆ ಅಂತ ಕೇಳಬಾರದು

ನಮ್ಮ ಅಜ್ಜಿಯ ಮನೆಯಲ್ಲಿ ಹೊಸ್ತಿಲು ದಾಟುತ್ತಿದ್ದವರನ್ನು ‘ಎಲ್ಲಿಗೆ?’ ಎಂದು ಕೇಳುವಂತಿರಲಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಅನ್ನುವ ನಂಬಿಕೆ ಆ ಕಾಲದ ಮೈಸೂರಿನ ಎಷ್ಟೋ ಮನೆಗಳಲ್ಲಿತ್ತು. ನಮ್ಮ ಮನೆಯಲ್ಲಿ ಮಾತ್ರ ಅದು ಕಾನೂನೇ ಆಗಿಹೋಗಿತ್ತು. ತಿಳಿಯಲೇಬೇಕಾದರೆ ‘ದೂರ ಹೊರಟ ಹಾಗಿದೆ?’ ಅನ್ನಬೇಕು. ‘ಏನಿಲ್ಲ, ಇಲ್ಲೇ ಮಾರ್ಕೆಟ್ಟಿನ ತನಕ’ ಎಂದು ಹೋಗುವವರು ತಾವಾಗಿ ಹೇಳಬೇಕು. ಗೊತ್ತಿಲ್ಲದವರು ಯಾರಾದರೂ ಬಾಯಿ ತಪ್ಪಿ ಕೇಳಿಬಿಟ್ಟರೆ, ಹೊರಟವರು ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಒಮ್ಮೆ ಪೋಸ್ಟ್‌ಮ್ಯಾನ್ ಕೇಳಿದನೆಂದು ಅಜ್ಜಿ, ಆಗಲೇ ಜಟಕಾ ಹತ್ತಿದ್ದ ನೆಂಟರನ್ನೆಲ್ಲ ಇಳಿಸಿ, ಜಗುಲಿಯ ಮೇಲೆ ಸಾಲಾಗಿ ಕೂರಿಸಿ ನೀರು ಕುಡಿಸಿದ್ದಳು. ಅವರಿಗೆ ರೈಲು ತಪ್ಪಿತು. ‘ನೋಡಿದ್ಯಾ, ಅವನು ಕೇಳಿದ್ದಕ್ಕೇ ತಪ್ಪಿದ್ದು’ ಅಂದಳು.

ನಾನು ಆಡುವ ಮಾತೆಲ್ಲ ಅಜ್ಜಿ ಕಲಿಸಿದ್ದು. ಹಾಗಾಗಿ ಈ ಕಾನೂನೂ ನನ್ನ ಜೊತೆ ಸಿಡ್ನಿಗೆ ಬಂತು. ಗಿರಾವೀನ್‌ನಲ್ಲಿ ನಾನು ಮನೆ ಮಾಡಿದಾಗ ಪಕ್ಕದಲ್ಲೊಬ್ಬ ಆಸ್ಟ್ರೇಲಿಯನ್ ಮುದುಕರಿದ್ದರು. ದಿನಾ ಬೆಳಿಗ್ಗೆ ಗುಲಾಬಿ ಗಿಡಕ್ಕೆ ನೀರು ಹಾಕುತ್ತಾ, ಬೇಲಿಯಾಚೆಯಿಂದ, ಎಲ್ಲಿಗೆ ಸವಾರಿ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಮೊದಲ ವಾರ ನಾನು ಪ್ರತಿದಿನವೂ ಬೀಗ ತೆಗೆದು, ಒಳಗೆ ಹೋಗಿ, ಸೋಫಾದ ತುದಿಯಲ್ಲಿ ಕೂತು ನೀರು ಕುಡಿದು ಹೊರಟೆ. ಎರಡು ದಿನ ರೈಲು ತಪ್ಪಿತು. ನಾನೋ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ತಡವಾಗಿ ಹೋಗಿ, ನೀರು ಕುಡಿಯುತ್ತಿದ್ದೆ ಎಂದು ಪ್ರಿನ್ಸಿಪಾಲರಿಗೆ ಹೇಳಲಾದೀತೇ? ಕೊನೆಗೆ, ಇಂಗ್ಲಿಷಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ ಎಂದು ನಾನೇ ಒಂದು ತಿದ್ದುಪಡಿ ಮಾಡಿಕೊಂಡೆ.

ತೊಂಬತ್ತರ ದಶಕದ ನಡುವೆ ನನಗೆ ಲಾಂಗ್ ಸರ್ವಿಸ್ ಲೀವ್ ಸಿಕ್ಕಿತು. ಒಂದೇ ಕಡೆ ವರ್ಷಗಟ್ಟಲೆ ದುಡಿದವರಿಗೆ ಸಂಬಳ ಕೊಟ್ಟು ಮನೆಗೆ ಕಳಿಸುವ ಈ ದೇಶದ ರಜೆ ಅದು. ನಮ್ಮವರಾದರೆ ಆ ರಜೆಯನ್ನು ಬೆಂಗಳೂರಿನ ಮದುವೆಗಳಿಗೆಂದು ಜೋಪಾನವಾಗಿಡುತ್ತಾರೆ. ನನಗೆ ಮದುವೆಯೂ ಆಗಿರಲಿಲ್ಲ, ಮಾಡಿಸಬೇಕಾದ ಮಕ್ಕಳೂ ಇರಲಿಲ್ಲ. ಸ್ಕೂಲಿನ ಹಳೆಯ ಅಟ್ಲಾಸ್ ಒಂದನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಬಿಡಿಸಿದೆ.

ಬಿಡಿಸಿದ್ದು ಮಲಯಾವನ್ನು, ಅಂದರೆ ಈಗಿನ ಮಲೇಷ್ಯಾವನ್ನು, ನೋಡುವುದಕ್ಕೆ. ನಾನು ಇನ್ನೂ ಅಂಬೆಗಾಲಿಡುತ್ತಿದ್ದಾಗ ಅಪ್ಪ ಅಲ್ಲಿಗೆ ಹೋಗಿದ್ದ. ರಬ್ಬರ್ ಎಸ್ಟೇಟಿನ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಕೆಲಸ. ಕೂಲಿಗಳ ಗಾಯ ಕಟ್ಟುವುದು, ಜ್ವರಕ್ಕೆ ಔಷಧಿ ಕೊಡುವುದು. ಮೂರು ಕಾರ್ಡು ಬಂದವು. ಒಂದು ಸಿಂಗಪುರದಿಂದ, ಒಂದು ಈಪೋದಿಂದ, ಒಂದು ತೈಪಿಂಗ್‌ನಿಂದ. ಆಮೇಲೆ ಯುದ್ಧ ಬಂತು, ಕಾರ್ಡು ನಿಂತಿತು. ಯುದ್ಧ ಮುಗಿದ ಮೇಲೆ ಅಲ್ಲಿಂದ ಹೇಗೋ ಜೀವ ಉಳಿಸಿಕೊಂಡು ಬಂದ ಒಬ್ಬರು ಅಜ್ಜಿಗೆ ಹೇಳಿದ್ದಿಷ್ಟು: ಎಸ್ಟೇಟಿನ ಜನರನ್ನು ಜಪಾನಿನವರು ಸಯಾಮಿಗೆ ರೈಲು ಹಳಿ ಹಾಕಲು ಕರೆದೊಯ್ದರು, ಡ್ರೆಸ್ಸರ್ ಕೂಡ ಅವರ ಜೊತೆ ಹೋದರು. ಅಷ್ಟೇ. ಅಷ್ಟು ಹೊತ್ತಿಗೆ ಅಮ್ಮನೂ ಟೈಫಾಯ್ಡಿನಲ್ಲಿ ಹೋಗಿದ್ದಳು. ಅಜ್ಜಿ ಕೊನೆಯ ತನಕ ಅಪ್ಪನ ಶ್ರಾದ್ಧ ಮಾಡಿಸಲಿಲ್ಲ. ‘ಹೋದವನು ಹೋದ ಅಂತ ಯಾರು ನೋಡಿದ್ದಾರೆ?’ ಅನ್ನುತ್ತಿದ್ದಳು. ನೆಂಟರು ಮಾತ್ರ, ಅಲ್ಲೇ ಯಾರನ್ನೋ ಕಟ್ಟಿಕೊಂಡು ಸುಖವಾಗಿದ್ದಾನಂತೆ ಎಂದು ಮದುವೆ ಮನೆಗಳಲ್ಲಿ ಪಿಸುಗುಡುತ್ತಿದ್ದರು.

ಮೈಸೂರಿನಲ್ಲಿದ್ದಾಗ ಮಲಯಾ ಎಂದರೆ ಸಮುದ್ರದಾಚೆಯ ಕಥೆ. ಸಿಡ್ನಿಯ ಅಟ್ಲಾಸಿನಲ್ಲಿ ಅದು ನಮ್ಮ ನೆರೆಮನೆ. ಅಂಗೈ ಅಗಲಿಸಿದರೆ ಹೆಬ್ಬೆರಳು ಡಾರ್ವಿನ್ ಮೇಲೆ, ಕಿರುಬೆರಳು ಸಿಂಗಪುರದ ಮೇಲೆ. ಇಷ್ಟು ವರ್ಷ ಇಷ್ಟು ಹತ್ತಿರದಲ್ಲಿ ಕೂತು ಬೀಜಗಣಿತ ಹೇಳಿಕೊಡುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಒಂದು ತಿಂಗಳು. ಸಿಂಗಪುರದಿಂದ ರೈಲಿನಲ್ಲಿ ಕ್ವಾಲಾಲಂಪುರ, ಅಲ್ಲಿಂದ ಈಪೋ, ತೈಪಿಂಗ್. ಗಡಿ ದಾಟಿ ಥಾಯ್ಲೆಂಡ್, ಆಗಿನ ಸಯಾಮ್. ಕೊನೆಗೆ ಆ ರೈಲು ಹಳಿ ಹಾದುಹೋಗುವ ಕಾಂಚನಬುರಿ. ಲೈಬ್ರರಿಯಿಂದ ಪುಸ್ತಕಗಳನ್ನು ತಂದೆ. ಯಾವ ತಿಂಗಳಲ್ಲಿ ಮಳೆ, ಯಾವ ರೈಲು ಎಲ್ಲಿ ನಿಲ್ಲುತ್ತದೆ ಎಂದು ಗ್ರಾಫ್ ಕಾಗದದ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಬರೆದುಕೊಂಡೆ. ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ.

ಹ್ಯಾರಿಸ್ ಪಾರ್ಕ್‌ನಲ್ಲಿ ಮಸಾಲೆ ಅಂಗಡಿಯೊಂದರ ಮಹಡಿಯ ಮೇಲೆ ಟ್ರಾವೆಲ್ ಏಜೆಂಟ್ ಒಬ್ಬಳಿದ್ದಳು. ಫಿಜಿಯಿಂದ ಬಂದವಳು. ಅವಳ ಹಿಂದಿಗೂ ನನ್ನ ಹಿಂದಿಗೂ ಹೊಂದಿಕೆಯಾಗುವುದು ಸ್ವಲ್ಪ ಕಷ್ಟ.

“ಒಬ್ಬರೇನಾ ದೀದಿ? ಸಾಹೇಬರು ಬರಲ್ವಾ?”

“ಸಾಹೇಬರು ಇಲ್ಲವೇ ಇಲ್ಲ.”

“ಹಾಗಾದ್ರೆ ಬಾಲಿಗೆ ಹೋಗಿ. ಬೀಚ್ ಇದೆ, ಮಸಾಜ್ ಇದೆ. ತೈಪಿಂಗ್‌ನಲ್ಲಿ ಏನಿದೆ? ಬರೀ ಮಳೆ.”

ನಾನು ಕಾರ್ಡುಗಳ ವಿಷಯ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. “ನಮ್ಮ ಮುತ್ತಜ್ಜನನ್ನ ಕಬ್ಬಿನ ಗದ್ದೆಗೆ ಅಂತ ಹಡಗಿನಲ್ಲಿ ತಂದರು. ಎಲ್ಲಿಗೆ ಬಂದ ಅಂತ ನಮಗೆ ಗೊತ್ತು, ಎಲ್ಲಿಂದ ಹೊರಟ ಅಂತ ಗೊತ್ತಿಲ್ಲ. ನಿಮ್ಮದು ಉಲ್ಟಾ” ಅಂದಳು. ಆಮೇಲೆ ಬಾಲಿಯ ಸುದ್ದಿ ಎತ್ತಲಿಲ್ಲ. ಒಂದೊಂದು ಊರಿಗೂ ಒಂದೊಂದು ಹೋಟೆಲನ್ನು ತಾನೇ ಫೋನ್ ಮಾಡಿ ಬುಕ್ ಮಾಡಿದಳು.

ಎಲ್ಲ ಸಿದ್ಧವಾಯಿತು, ಅಣ್ಣನೊಬ್ಬನನ್ನು ಬಿಟ್ಟು.

ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಡಾಕ್ಟರು. ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವನೂ ಅವನೇ. ಜೊತೆಗೆ ಬಾ ಎಂದು ಮೊದಲು ಕರೆದಿದ್ದು ಅವನನ್ನು. “ನಾನು ಬರಲ್ಲ, ನೀನೂ ಹೋಗಬೇಡ” ಅಂದುಬಿಟ್ಟಿದ್ದ. ಆಮೇಲೆ ಪ್ರತಿ ಭಾನುವಾರದ ಫೋನಿನಲ್ಲೂ ಅದೇ ಪಾಠ.

“ಅಲ್ಲಿ ಮಲೇರಿಯಾ ಇದೆ ಕಣೇ ಪುಟ್ಟಿ. ನಿನಗೆ ಶುಗರ್ ಬೇರೆ. ಒಬ್ಬಳೇ ಎಲ್ಲಾದರೂ ಬಿದ್ದರೆ ಯಾರು ಗತಿ?”

“ಬಿದ್ದರೆ ಎದ್ದೇಳ್ತೀನಿ ಕಣೋ. ಇಲ್ಲೂ ಒಬ್ಬಳೇ ತಾನೇ ಇರೋದು?”

ಅವನಿಗೆ ಬೇರೆಯೇ ಭಯ ಎಂದು ನಾನು ಅಂದುಕೊಂಡಿದ್ದೆ. ನೆಂಟರ ಪಿಸುಮಾತು ಅವನ ಕಿವಿಗೂ ಬಿದ್ದಿತ್ತಲ್ಲ. ಅವನ ಒಪ್ಪಿಗೆ ಇಲ್ಲದೆ ಹೋಗಬಹುದಿತ್ತು, ಐವತ್ತೇಳು ವರ್ಷದವಳು ನಾನು. ಆದರೆ ಅಪ್ಪ ಅವನಿಗೂ ಅಪ್ಪ. ಅವನು ಮುಖ ತಿರುಗಿಸಿಕೊಂಡಿರುವಾಗ ನಾನೊಬ್ಬಳೇ ಹೋಗಿ ಏನನ್ನು ಹುಡುಕಲಿ? ಏನಾದರೂ ಸಿಕ್ಕರೂ ತಂದು ಯಾರಿಗೆ ಹೇಳಲಿ?

ಹೊರಡುವುದಕ್ಕೆ ಒಂದು ವಾರವಿದೆ ಅನ್ನುವಾಗ, ಮಲೇರಿಯಾ ಮಾತ್ರೆ ಬರೆಸಿಕೊಳ್ಳುವ ನೆಪ ಮಾಡಿಕೊಂಡು ಮೆಲ್ಬರ್ನಿಗೆ ಹೋದೆ.

ಅತ್ತಿಗೆ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದರು. “ಬಂದ್ಯಾ, ಬಾ. ನಿಮ್ಮಣ್ಣನಿಗೆ ನೀನೇ ಬುದ್ಧಿ ಹೇಳು. ಬಂದವರು ಹೊರಡೋ ಹೊತ್ತಿಗೆ ಸರಿಯಾಗಿ ಗ್ಯಾರೇಜಿಗೆ ಹೋಗಿ ಸೇರ್ಕೋತಾರೆ. ಮೊನ್ನೆ ನಮ್ಮ ತಮ್ಮ ಒಂದು ವಾರ ಇದ್ದು ಹೊರಟ. ಇವರು ಕಾರಿನ ಕೆಳಗೆ. ಹೋಗಿ ಬರ್ತೀನಿ ಭಾವಾ ಅಂತ ಅವನು ಎರಡು ಕಾಲಿಗೆ ಹೇಳಿ ಹೋದ!”

ಅಣ್ಣ ನಗಲಿಲ್ಲ. ಮೇಜಿನ ಮೇಲೆ ಮಾತ್ರೆಯ ಚೀಟಿ ಬರೆಯುತ್ತಾ ಕೂತಿದ್ದ. ನಾನು ಗ್ರಾಫ್ ಕಾಗದವನ್ನು ಅವನ ಮುಂದೆ ಬಿಡಿಸಿದೆ. ಅವನು ಅದನ್ನು ನೋಡದೆ ಚೀಟಿಯನ್ನು ನನ್ನ ಕಡೆ ತಳ್ಳಿದ.

ನನಗೆ ರೇಗಿತು. “ನಿನ್ನ ಭಯ ಏನು ಅಂತ ನನಗೆ ಗೊತ್ತು ಕಣೋ. ಅಲ್ಲಿ ನಮಗೊಬ್ಬ ತಮ್ಮನೋ ತಂಗಿಯೋ ಸಿಕ್ಕಿಬಿಟ್ಟರೆ ಅಂತ ತಾನೇ?”

ಅಣ್ಣ ತಲೆಯೆತ್ತಿದ. “ಸಿಕ್ಕರೆ ಅದಕ್ಕಿಂತ ಇನ್ನೇನು ಬೇಕೇ? ಹಳಿ ಹಾಕೋ ಕಡೆ ಸಾಯದೆ ಬದುಕಿದ್ದ ಅಂತ ಆಯ್ತಲ್ಲ. ಅವರ ಕಾಲಿಗೆ ಬೀಳ್ತಿದ್ದೆ.”

ನಾನು ಗ್ರಾಫ್ ಕಾಗದವನ್ನು ಮಡಿಸತೊಡಗಿದೆ. ಅವನೇ ಮುಂದುವರಿಸಿದ.

“ಅವತ್ತು ನೀನು ಅಮ್ಮನ ಸೊಂಟದ ಮೇಲಿದ್ದೆ. ಅಪ್ಪ ಟ್ರಂಕು ಹಿಡಿದು ಮೆಟ್ಟಿಲು ಇಳೀತಿದ್ದ. ನಾನು ಹಿಂದಿನಿಂದ ಓಡಿಹೋಗಿ ಕೇಳಿಬಿಟ್ಟೆ.”

“ಏನಂತ?”

ಅವನ ತುಟಿ ಅಲುಗಿತು. ಆ ಮಾತು ಹೊರಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಅತ್ತಿಗೆ ಒಲೆ ಆರಿಸಿ ಅಲ್ಲೇ ನಿಂತರು.

“ಅಜ್ಜಿ ಬಾಯಿ ಮೇಲೆ ಹೊಡೆದಳು. ಅಪ್ಪ ನಕ್ಕ. ವಾಪಸು ಬಂದು ಜಗುಲಿ ಮೇಲೆ ಕೂತ. ನೀರು ಕೊಟ್ಟರು. ಬಸ್ಸಿಗೆ ಹೊತ್ತಾಗಿತ್ತು ನೋಡು, ಅರ್ಧ ಕುಡಿದು ಲೋಟ ಇಟ್ಟು ಹೋದ. ಉಳಿದದ್ದನ್ನ ನಾನು ಕುಡಿದೆ. ಆವತ್ತಿಂದ ಮನೇಲಿ ಯಾರೇ ಹೊರಟರೂ ಅಜ್ಜಿ ನನಗೆ, ಹಿತ್ತಲಿಗೆ ಹೋಗಿ ಹೂವು ಕಿತ್ಕೊಂಡು ಬಾ ಅನ್ನೋಳು. ಮೆಡಿಕಲ್ ಕಾಲೇಜು ಸೇರಿದ ಮೇಲೂ ಅನ್ನೋಳು” ಅಂದ.

ನನಗೆ ನೆನಪಿತ್ತು. ನೆಂಟರು ಹೊರಟಾಗಲೆಲ್ಲ ಅಣ್ಣ ಹೂವಿನ ಬುಟ್ಟಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದ. ಅವನಿಗೆ ಹೂವಿನ ಹುಚ್ಚು ಎಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು. ಅಜ್ಜಿಯ ಕಾನೂನು ಅವಳ ತಾಯಿಯಿಂದ, ಅಜ್ಜಿಯಿಂದ ಬಂದಿದ್ದೆಂದು ನಾನು ತಿಳಿದಿದ್ದೆ. ಅದು ಅಷ್ಟು ಬಿಗಿಯಾದದ್ದು ಅಣ್ಣ ಅವತ್ತು ಕೇಳಿದ ಮೇಲೆ ಎಂದು ಆ ಮಧ್ಯಾಹ್ನ ತಿಳಿಯಿತು.

“ನೀನು ಡಾಕ್ಟರು ಕಣೋ. ಯುದ್ಧ ಬಂದಿದ್ದು ನೀನು ಕೇಳಿದ್ದಕ್ಕಾ?”

“ಗೊತ್ತು. ಎಲ್ಲಿ ನೋವು ಅಂತ ಇಷ್ಟು ವರ್ಷ ಜನರನ್ನ ಕೇಳಿದ್ದೀನಿ. ಎಲ್ಲಿಗೆ ಅಂತ ಒಬ್ಬರನ್ನೂ ಕೇಳಿಲ್ಲ. ಈಗ ನೀನೂ ಅಲ್ಲಿಗೇ ಹೊರಟಿದ್ದೀಯ.”

ಅವಲಕ್ಕಿ ಆರಿಹೋಯಿತು. ಯಾರೂ ತಿನ್ನಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅಣ್ಣ ಗ್ಯಾರೇಜಿನ ಕಡೆ ನಡೆದ. ನಾನು ಅವನ ತೋಳು ಹಿಡಿದು, “ಸ್ಟೇಷನ್ನಿನ ತನಕ ಬಾ. ಬ್ಯಾಗು ಭಾರ” ಅಂದೆ. ಬ್ಯಾಗಿನಲ್ಲಿ ಎರಡು ಸೀರೆ, ಅತ್ತಿಗೆ ಕೊಟ್ಟ ಚಟ್ನಿಪುಡಿ, ಅಷ್ಟೇ ಇದ್ದದ್ದು. ಅವನಿಗೂ ಅದು ಗೊತ್ತಿತ್ತು, ಆದರೂ ಬಂದ.

ಗ್ಲೆನ್ ವೇವರ್ಲಿ ಆ ಮಾರ್ಗದ ಕೊನೆಯ ಸ್ಟೇಷನ್. ರೈಲು ಬಂದು ಬಾಗಿಲು ತೆರೆದುಕೊಂಡು, ತನಗೇನೂ ಅವಸರವಿಲ್ಲ ಅನ್ನುವ ಹಾಗೆ ನಿಂತಿರುತ್ತದೆ. ನಾನು ಬಾಗಿಲಲ್ಲಿ ನಿಂತೆ, ಅಣ್ಣ ಪ್ಲಾಟ್‌ಫಾರಂ ಮೇಲೆ.

“ಅಣ್ಣಾ, ಕೇಳು.”

“ಏನನ್ನ?”

“ಗೊತ್ತಲ್ಲ. ಕೇಳು. ನೀನು ಕೇಳಬೇಕು, ನಾನು ಹೋಗಬೇಕು, ವಾಪಸು ಬರಬೇಕು. ಕೇಳದೆ ನಾನು ಹೋಗಲ್ಲ.”

“ಹುಚ್ಚು ಹಿಡಿದಿದ್ಯಾ ನಿನಗೆ?”

“ಹಿಡಿದಿದೆ. ಕೇಳು.”

ಅವನು ಆಚೆ ಈಚೆ ನೋಡಿದ. ಕನ್ನಡಕ ತೆಗೆದು ಒರೆಸಿದ. ಆಮೇಲೆ ಪೇಷೆಂಟಿನ ಹತ್ತಿರ ಮಾತಾಡುವ ದನಿಯಲ್ಲಿ, “ವೇರ್ ಆರ್ ಯೂ ಗೋಯಿಂಗ್?” ಅಂದ.

“ಇಂಗ್ಲಿಷಿನದು ಲೆಕ್ಕಕ್ಕಿಲ್ಲ ಕಣೋ.”

ಅವನಿಗೆ ನಗು ಬಂತು. ನಗುತ್ತಿದ್ದ ಮುಖವೇ ಒಡೆದ ಹಾಗಾಯಿತು. ನಾನು ನೋಡುತ್ತಿದ್ದ ಹಾಗೇ ಆ ಬಿಳಿಕೂದಲಿನ ಡಾಕ್ಟರ ದನಿ ಎಳೆಯದಾಗಿ, ತೊದಲಿತು.

“ಎಲ್ಲಿಗೆ... ಎಲ್ಲಿಗೆ ಹೋಗ್ತೀಯೇ?”

ನನ್ನ ಕಾಲುಗಳು ತಾವಾಗಿ ರೈಲಿನಿಂದ ಇಳಿಯಲು ಹೊರಟವು. ಅಜ್ಜಿ ಅಷ್ಟು ಚೆನ್ನಾಗಿ ಪಳಗಿಸಿದ್ದಳು. ಬಾಗಿಲಿನ ಕಂಬಿ ಹಿಡಿದು ನಿಂತೆ. ಸ್ಕೂಲಿನಲ್ಲಿ ಹಾಜರಿ ಕೂಗುವ ಹಾಗೆ ಒಂದೊಂದಾಗಿ ಹೇಳಿದೆ. “ಸಿಂಗಪುರಕ್ಕೆ. ಕ್ವಾಲಾಲಂಪುರಕ್ಕೆ. ಈಪೋಗೆ. ತೈಪಿಂಗ್‌ಗೆ. ಕಾಂಚನಬುರಿಗೆ. ಆಮೇಲೆ ಇಲ್ಲಿಗೆ, ನಿನ್ನ ಮನೆಗೆ.”

ಬಾಗಿಲು ಮುಚ್ಚಿತು. ಅಣ್ಣ ಹಿತ್ತಲಿಗೂ ಹೋಗದೆ, ಗ್ಯಾರೇಜಿಗೂ ಹೋಗದೆ, ಒಬ್ಬರು ಹೋಗುವುದನ್ನು ನಿಂತು ನೋಡಿದ್ದನ್ನು ನಾನು ಕಂಡಿದ್ದು ಆವತ್ತೇ ಮೊದಲು.

ಆ ತಿಂಗಳಿನ ಕಥೆ ಬೇರೆ, ಮತ್ತು ಅದು ದೊಡ್ಡದೂ ಅಲ್ಲ. ತೈಪಿಂಗ್‌ನಲ್ಲಿ ನಿಜಕ್ಕೂ ಬರೀ ಮಳೆ. ಎಸ್ಟೇಟಿನಲ್ಲಿ ರಬ್ಬರ್ ಕಡಿದು ಬೇರೆ ಗಿಡ ಹಾಕಿದ್ದರು. ಕಾಂಚನಬುರಿಯಲ್ಲಿ ಸಾಲು ಸಾಲಾಗಿ ಕಲ್ಲುಗಳಿದ್ದವು, ಸೈನಿಕರ ಹೆಸರಿನವು. ಎಸ್ಟೇಟಿನ ಜನರ ಹೆಸರನ್ನು ಯಾರೂ ಬರೆದಿಟ್ಟಿರಲಿಲ್ಲ. ಹಳಿಯ ಪಕ್ಕದಲ್ಲಿ ಕೂತು ಮೂರೂ ಕಾರ್ಡುಗಳನ್ನು ಗಟ್ಟಿಯಾಗಿ ಓದಿ ಎದ್ದು ಬಂದೆ.

ವಿಮಾನ ಇಳಿದಿದ್ದು ಮೆಲ್ಬರ್ನಿನಲ್ಲೇ. ಹಾಗೆಂದೇ ಬುಕ್ ಮಾಡಿಸಿದ್ದೆ. ಅಣ್ಣ ಮನೆಯ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಒಂದು ಲೋಟ ನೀರು. ಹೇಗಿದ್ದೀಯ ಎಂದು ಕೇಳಲಿಲ್ಲ, ಏನು ಸಿಕ್ಕಿತು ಎಂದೂ ಕೇಳಲಿಲ್ಲ.

“ಮೊದಲು ಕೂತ್ಕೋ. ಕುಡಿ.”

ಕೂತೆ. ಅವನು ಎದುರಿಗೆ ನಿಂತು, ಲೋಟವನ್ನೇ ನೋಡುತ್ತಿದ್ದ. ನಾನು ಪೂರ್ತಿ ಕುಡಿದು, ಲೋಟವನ್ನು ಬೋರಲು ಮಾಡಿ ತೋರಿಸಿದೆ.

“ಇನ್ನೊಂದು ಲೋಟ ತಾರೋ” ಅಂದೆ. ಪ್ರಯಾಣದಲ್ಲಿ ಗಂಟಲು ಒಣಗಿತ್ತು.